ಲೋಟದಕ್ಕನ ಒಂದು ದಿನದ ಸದಸ್ಯತ್ವ

ಒಂದು ಚಹಾಕ್ಕೆ ಇಪ್ಪತ್ತು. ಅದೇ ಚಹಾವನ್ನು ಸದಸ್ಯರಲ್ಲದವರು ಕುಡಿದರೆ ಇಪ್ಪತ್ತೊಂದು. ಬನ್ನಿಗೆ ನಲವತ್ತು, ಸದಸ್ಯರಲ್ಲದವರ ಬಾಯಿಗೆ ನಲವತ್ತೆರಡು. ಹಾಲು ಒಂದೇ, ಪುಡಿ ಒಂದೇ, ಒಲೆ ಒಂದೇ, ಸೋಸುವ ಕೈಯೂ ಒಂದೇ. ಮೇಲಿನ ಆ ಒಂದು, ಆ ಎರಡು ಸರ್ಕಾರದ್ದು, ಮಾರಾಟ ತೆರಿಗೆಯದು. ಸದಸ್ಯರಾಗಲು ವರ್ಷದ ಚಂದಾ ಹನ್ನೆರಡು ಸಾವಿರ. ಕೌಂಟರಿನ ಹಿಂದೆ ನಿಂತಿರುವವರ ತಿಂಗಳ ಸಂಬಳ ಹದಿಮೂರು ಸಾವಿರ. ಈ ಈಜು ಸಂಘದಲ್ಲಿ ಬೆಲೆ ಕಟ್ಟದೆ ಬಿಟ್ಟಿರುವುದು ನೀರಿಗೆ ಮಾತ್ರ. ಅದನ್ನು ಹೊರಗಿನವರಿಗೆ ಮಾರುವುದೇ ಇಲ್ಲ. ಅದು ಸದಸ್ಯರದು.

ಬೆಳಗಿನ ಐದು ದಾಟಿದೆ. ಕಬ್ಬಿಣದ ಗೇಟಿನ ಬೀಗ ತೆಗೆದು ಒಳಗೆ ಬರುವ ಹೆಂಗಸು ನೇರವಾಗಿ ಒಲೆಯ ಹತ್ತಿರ ಹೋಗುವುದಿಲ್ಲ. ಕೈಚೀಲವನ್ನು ಕೌಂಟರಿನ ಮೇಲಿಟ್ಟು, ಕೊಳದ ಅಂಚಿನವರೆಗೆ ನಡೆದು, ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಕ್ಲೋರಿನ್ ವಾಸನೆ ಮೂಗಿಗೆ ಅಡರುತ್ತದೆ. ರಾತ್ರಿಯೆಲ್ಲ ಯಾರೂ ಕಲಕದ ನೀರು ಇಸ್ತ್ರಿ ಮಾಡಿಟ್ಟ ಬಟ್ಟೆಯಂತೆ ಮಲಗಿದೆ. ಒಂದು ಒಣ ಎಲೆ ಬಿದ್ದಿದ್ದರೆ ಉದ್ದ ಕೋಲಿನ ಜಾಲರಿಯಿಂದ ಎತ್ತುತ್ತಾರೆ. ಎಲೆ ಎತ್ತುವುದು ಇವರ ಕೆಲಸವಲ್ಲ. ಯಾರೂ ಹೇಳಿಲ್ಲ, ಯಾರೂ ಬೇಡವೆಂದೂ ಅಂದಿಲ್ಲ. ಆಮೇಲೆ ಒಲೆ ಹೊತ್ತುತ್ತದೆ, ದೊಡ್ಡ ಕೆಟಲ್ ಏರುತ್ತದೆ, ಗೋಡೆಯ ಕೊಕ್ಕೆಗಳಲ್ಲಿ ತೂಗುವ ಸ್ಟೀಲ್ ಲೋಟಗಳು ಒಂದೊಂದಾಗಿ ಕೆಳಗಿಳಿಯುತ್ತವೆ.

ಇವರಿಗೆ ಒಂದು ಹೆಸರಿದೆ. ಅದು ಸಂಬಳದ ಕಾಗದದಲ್ಲಿ ಮಾತ್ರ ಬಳಕೆಯಲ್ಲಿದೆ. ಚಡ್ಡಿ ಹಾಕಿಕೊಂಡು ಬರುವ ಮಗುವಿನಿಂದ ಹಿಡಿದು ಕೋಲೂರಿಕೊಂಡು ಬರುವ ಮುದುಕರವರೆಗೆ ಎಲ್ಲರಿಗೂ ಇವರು ಲೋಟದಕ್ಕ. ಹೆಸರು ಬಂದದ್ದು ಎರಡು ಬಗೆಯ ಲೋಟದಿಂದ. ಸದಸ್ಯರಿಗೆ ಸ್ಟೀಲು, ಹೊರಗಿನವರಿಗೆ ಕಾಗದ. ನೋಡಿದವರಿಗೆ ಇದು ಮೇಲು ಕೀಳಿನ ಏರ್ಪಾಡು ಅನಿಸಬಹುದು. ಹೊಸಬರೊಬ್ಬರು ಹಾಗೆಂದು ಜಗಳಕ್ಕೂ ನಿಂತಿದ್ದರು. ಲೋಟದಕ್ಕ ಅವರ ಕಾಗದದ ಲೋಟಕ್ಕೆ ಇನ್ನೆರಡು ಗುಟುಕು ಹೆಚ್ಚಿಗೆ ಸುರಿದು, ‘ಮೇಲು ಕೀಳಲ್ಲ ಸ್ವಾಮಿ, ಒಳಗೆ ಹೊರಗೆ ಅಷ್ಟೆ. ನಾನೂ ನಿಮ್ಮ ಕಡೆಯವಳೇ’ ಅಂದರಂತೆ.

ಕತೆ ಇಷ್ಟು. ಇದು ಲಾಭಕ್ಕೆ ನಡೆಯುವ ಕೊಳವಲ್ಲ. ಈಜಿನ ಹುಚ್ಚಿದ್ದ ಕೆಲವರು ಚಂದಾ ಹಾಕಿ ಕಟ್ಟಿದ್ದು, ಸದಸ್ಯರೇ ಸೇರಿ ನಡೆಸುವುದು. ಅಂಥ ಸಂಘದಲ್ಲಿ ಸದಸ್ಯರು ಕುಡಿದ ಚಹಾ ತಮ್ಮ ಮನೆಯಲ್ಲಿ ತಾವೇ ಕುಡಿದಂತೆ, ಅದಕ್ಕೆ ತೆರಿಗೆಯಿಲ್ಲ ಎನ್ನುತ್ತದೆ ಅಲ್ಲಿನ ಕಾನೂನು. ಮಗಳನ್ನು ಈಜಲು ಬಿಟ್ಟು ಬೆಂಚಿನ ಮೇಲೆ ಕಾಯುವ ತಾಯಿ, ಎದುರಿನ ಬಸ್ ನಿಲ್ದಾಣದಿಂದ ಬಿಸಿ ಅರಸಿ ಬರುವ ಕಂಡಕ್ಟರ್, ಇವರು ಕುಡಿದರೆ ಅದು ಮಾರಾಟ. ಮೊದಲು ಇದನ್ನು ಯಾರೂ ತಲೆಗೆ ಹಾಕಿಕೊಂಡಿರಲಿಲ್ಲ. ಒಮ್ಮೆ ತೆರಿಗೆ ಕಚೇರಿಯ ತಪಾಸಣೆಯವರು ಬಂದು, ಒಳಗಿನವರು ಎಷ್ಟು ಕುಡಿದರು, ಹೊರಗಿನವರು ಎಷ್ಟು ಕುಡಿದರು ಎಂದು ಕೇಳಿದಾಗ ಇಡೀ ಸಮಿತಿಯಲ್ಲಿ ಯಾರ ಬಳಿಯೂ ಲೆಕ್ಕವಿರಲಿಲ್ಲ.

ಖಜಾಂಚಿಯಾಗಿರುವ ಹಲ್ಲಿನ ಡಾಕ್ಟರು ಬಣ್ಣದ ಚೀಟಿಗಳನ್ನು ಅಚ್ಚು ಹಾಕಿಸಿ ತಂದರು. ನೀರಿನಿಂದ ಎದ್ದು ಬಂದವರ ಒದ್ದೆ ಕೈಗೆ ಸಿಕ್ಕಿ ಚೀಟಿಗಳು ಮುದ್ದೆಯಾದವು. ಬಣ್ಣ ಬಿಟ್ಟುಕೊಂಡು ಕೌಂಟರೆಲ್ಲ ಗುಲಾಬಿ. ಆಗ ಲೋಟದಕ್ಕನಿಗೆ ಹೊಳೆದದ್ದು ಲೋಟ. ಕಾಗದದ ಲೋಟ ಐವತ್ತರ ಕಟ್ಟಿನಲ್ಲಿ ಬರುತ್ತದೆ. ಸಂಜೆಗೆ ಕಟ್ಟಿನಲ್ಲಿ ಎಷ್ಟು ಕಡಿಮೆಯಾಗಿದೆಯೋ ಅಷ್ಟು ಹೊರಗಿನವರ ಚಹಾ. ಬನ್ನಿಗೂ ಹಾಗೆಯೇ, ತಟ್ಟೆ ಒಳಗಿನವರಿಗೆ, ಕಾಗದ ಹೊರಗಿನವರಿಗೆ. ಮುಗಿಯಿತು. ಒಂದು ಸಲ ಬೀಸುಗಾಳಿ ಬಂದು ಅರ್ಧ ಕಟ್ಟು ಕೊಳಕ್ಕೆ ಹಾರಿ ಹಂಸಗಳಂತೆ ತೇಲಿದವಂತೆ. ‘ಅವತ್ತು ಗಾಳಿ ಕುಡಿದ ಟೀಗೂ ಟ್ಯಾಕ್ಸ್ ಕಟ್ಟಿದೀವಿ’ ಎಂದು ಲೋಟದಕ್ಕ ನಗುತ್ತಾರೆ.

ಇದರಲ್ಲೂ ಸಿಕ್ಕುಗಳಿವೆ. ಸದಸ್ಯರು ನೆಂಟರನ್ನು ಕರೆತಂದು ತಾವೇ ಹಣ ಕೊಟ್ಟರೆ ಸ್ಟೀಲು. ನೆಂಟರು ತಮ್ಮ ಜೇಬಿಗೆ ಕೈ ಹಾಕಿದರೆ ಕಾಗದ. ಆದ್ದರಿಂದ ಲೋಟದಕ್ಕ ಮುಖ ನೋಡುವುದಿಲ್ಲ, ಹಣ ಚಾಚುವ ಕೈ ನೋಡುತ್ತಾರೆ. ಈಜಿ ಬಂದವರ ಬೆರಳ ತುದಿ ಸುಕ್ಕುಗಟ್ಟಿ ಬಿಳುಪಾಗಿರುತ್ತದೆ. ಅಂಥ ಬೆರಳು ಕಂಡರೆ ಅವರ ಕೈ ತಾನಾಗಿ ಸ್ಟೀಲಿಗೆ ಹೋಗುತ್ತದೆ. ವರ್ಷಕ್ಕೆ ಎರಡು ದಿನ ಸಂಘ ಸಹಾಯಾರ್ಥ ಮಾರಾಟ ಇಟ್ಟರೆ ಯಾರು ಕುಡಿದರೂ ತೆರಿಗೆ ಇಲ್ಲ. ‘ಆ ಎರಡು ದಿನ ನನ್ನ ಕಣ್ಣಿಗೆ ರಜೆ’ ಎನ್ನುತ್ತಾರೆ. ಮೊದಲೆಲ್ಲ ಚಂದಾ ಕಟ್ಟಿದವರಿಗೆ ಸಂಘದಿಂದ ಒಂದು ಟವಲು ಉಚಿತವಾಗಿ ಸಿಗುತ್ತಿತ್ತು. ತೆರಿಗೆಯವರು ಅದನ್ನೂ ಹಿಡಿದರು. ‘ಚಂದಾ ಬರೀ ಚಂದಾ ಆಗಿರ್ಬೇಕಂತೆ. ಜೊತೆಗೊಂದು ಟವಲ್ ಕೊಟ್ರೆ ಅಷ್ಟರಮಟ್ಟಿಗೆ ಅದು ಅಂಗಡಿಯಂತೆ’ ಎಂದು ವಿವರಿಸುತ್ತ ಲೋಟದಕ್ಕ ಕೌಂಟರ್ ಒರೆಸುತ್ತಾರೆ. ಒರೆಸುತ್ತಿರುವುದು ಉಳಿದುಹೋದ ಅಂಥದೇ ಒಂದು ಟವಲಿನಿಂದ.

ಅವರು ಚಹಾ ಕುಡಿಯುವುದು ಕೆಟಲಿನ ಮುಚ್ಚಳದಲ್ಲಿ. ಅದು ಸ್ಟೀಲಿಗೂ ಸೇರದು, ಕಾಗದಕ್ಕೂ ಸೇರದು.

ಲೋಟದಕ್ಕ ಹುಟ್ಟಿದ್ದು ಹೊಳೆಯ ದಡದಲ್ಲಿ. ಅಪ್ಪ ದೋಣಿ ದಾಟಿಸುತ್ತಿದ್ದವರು. ಮಗಳ ಬೆನ್ನಿಗೆ ಖಾಲಿ ಎಣ್ಣೆಡಬ್ಬ ಕಟ್ಟಿ ನೀರಿಗೆ ಬಿಟ್ಟಿದ್ದರು. ಒಂದು ದಿನ ಡಬ್ಬದ ಹಗ್ಗ ಸಡಿಲಿಸಿದ್ದು ಮಗಳಿಗೆ ಗೊತ್ತೇ ಆಗಲಿಲ್ಲ. ಆಚೆ ದಡ ಮುಟ್ಟಿ ತಿರುಗಿ ನೋಡಿದರೆ ಡಬ್ಬ ಅಪ್ಪನ ಕೈಯಲ್ಲಿತ್ತು. ಅಲ್ಲಿಂದ ಮುಂದೆ ಶಾಲೆಗೆ ಹೋಗುವಾಗ ಪುಸ್ತಕ ದೋಣಿಯಲ್ಲಿ, ಹುಡುಗಿ ನೀರಿನಲ್ಲಿ. ಆಮೇಲೆ ಸೇತುವೆ ಬಂತು. ದೋಣಿಗೆ ಕೆಲಸವಿಲ್ಲದಾಯಿತು. ಹುಡುಗಿಗೆ ಬಸ್ ಡ್ರೈವರೊಬ್ಬರ ಜೊತೆ ಮದುವೆಯಾಯಿತು, ನಗರದ ಎರಡು ಕೋಣೆಯ ಮನೆ ಸಿಕ್ಕಿತು. ನೀರು ಎಂದರೆ ದಿನಕ್ಕೊಂದು ಹೊತ್ತು ನಲ್ಲಿಯಲ್ಲಿ ಬರುವುದು, ಬಕೆಟ್ಟಿನಲ್ಲಿ ಹಿಡಿದಿಡುವುದು ಎಂದಾಯಿತು.

ಗಂಡನ ಕಣ್ಣು ಮಂಜಾಗುತ್ತ ಬಂದು ಸ್ಟೀರಿಂಗ್ ಬಿಡಬೇಕಾದಾಗ ಇವರು ಕೆಲಸ ಹುಡುಕಿಕೊಂಡು ಹೊರಟರು. ಹೋಟೆಲೊಂದರಲ್ಲಿ ಇನ್ನೂ ಸಾವಿರ ಹೆಚ್ಚು ಕೊಡುತ್ತೇವೆಂದಿದ್ದರು. ಇಲ್ಲಿ ಗೇಟಿನ ಒಳಗೆ ಕಾಲಿಟ್ಟಾಗ ನೀಲಿ ನೀರು ಕಾಣಿಸಿತು. ಸಂಬಳ ಎಷ್ಟೆಂದು ಕೇಳುವುದೇ ಮರೆತುಹೋಯಿತಂತೆ. ಅದಾಗಿ ಇಪ್ಪತ್ತು ವರ್ಷ. ಕೌಂಟರಿನಿಂದ ಕೊಳದ ಅಂಚಿಗೆ ಹತ್ತು ಹೆಜ್ಜೆಯೂ ಇಲ್ಲ. ಗೇಟಿನ ಬೀಗದ ಕೈ ಇವರ ಸೊಂಟದಲ್ಲೇ ಇರುತ್ತದೆ. ಯಾರೂ ಇಲ್ಲದಾಗ ಒಂದು ಸಲ ಇಳಿದು ಬರಬಹುದಿತ್ತಲ್ಲ ಎಂದು ಕೇಳಿದರೆ ಅವರ ಮುಖ ಸಣ್ಣದಾಗುತ್ತದೆ. ‘ಇಳಿಬಹುದಿತ್ತು. ಕದ್ದು ಇಳಿದ್ರೆ ಮೈ ಒದ್ದೆ ಆಗುತ್ತೆ ಅಷ್ಟೆ. ಗೇಟ್ ಕಡೆ ಕಿವಿ ಇಟ್ಕೊಂಡು ಯಾರಾದ್ರೂ ಈಜ್ತಾರಾ?’

ಹೋದ ವರ್ಷದ ಸಾಮಾನ್ಯ ಸಭೆ ಒಂದು ಭಾನುವಾರ ಸಂಜೆ ನಡೆಯಿತು. ಲೋಟದಕ್ಕ ಹಿಂದಿನ ಸಾಲಿನ ಕುರ್ಚಿಗಳ ಮೇಲೆ ತಟ್ಟೆಗಳನ್ನು ಜೋಡಿಸುತ್ತಿದ್ದರು. ಆಗ ಸಂಘದ ಅತಿ ಹಿರಿಯ ಸದಸ್ಯೆ ಎದ್ದು ನಿಂತರು. ಇವರು ಮೊಣಕಾಲು ನೋವಿನ ದೆಸೆಯಿಂದ ಅಂಗಾತ ಮಾತ್ರ ಈಜುವವರು. ಮಕ್ಕಳ ಬಾಯಲ್ಲಿ ಬೆನ್ನೀಜಿನ ಅಜ್ಜಿ. ಇಪ್ಪತ್ತು ವರ್ಷ ನಮಗೆ ಚಹಾ ಕೊಟ್ಟವಳು ಒಂದು ದಿನವೂ ನೀರು ಮುಟ್ಟಿಲ್ಲ, ಅವಳಿಗೆ ಚಂದಾ ಇಲ್ಲದ ಗೌರವ ಸದಸ್ಯತ್ವ ಕೊಡಬೇಕು ಎಂದರು ಅಜ್ಜಿ. ಬೇಡವೆನ್ನಲು ಯಾರಿಗೆ ಬಾಯಿ ಬರುತ್ತದೆ. ಎಲ್ಲ ಕೈಗಳೂ ಮೇಲೆದ್ದವು. ಸದಸ್ಯತ್ವದ ಕಾರ್ಡನ್ನೂ ಅಲ್ಲೇ ಬರೆದುಕೊಟ್ಟರು. ಅಜ್ಜಿ ಮೊದಲೇ ಮಾಡಿಸಿ ತಂದಿದ್ದ ಸ್ಟೀಲ್ ಲೋಟವನ್ನು ಚೀಲದಿಂದ ತೆಗೆದರು. ಪಾತ್ರೆ ಅಂಗಡಿಯವನು ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಲೋಟದಕ್ಕ ಎಂದು ಕೊರೆದಿದ್ದ. ಅದನ್ನು ಕೈಗೆ ತೆಗೆದುಕೊಂಡಾಗ ಏನನಿಸಿತು ಎಂದರೆ, ‘ಕೈಯಲ್ಲಿ ತಟ್ಟೆ ಇತ್ತಲ್ಲ, ಎಲ್ಲಿಡಬೇಕು ಅಂತಲೇ ತೋಚಲಿಲ್ಲ’ ಎನ್ನುತ್ತಾರೆ.

ಸೋಮವಾರ ಅವರು ಇನ್ನೂ ಬೇಗ ಬಂದರು. ಬೆನ್ನೀಜಿನ ಅಜ್ಜಿ ಆಗಲೇ ಗೇಟಿನ ಹೊರಗೆ ಕಾಯುತ್ತಿದ್ದರು. ಕೈಯಲ್ಲಿ ತಮ್ಮ ಸೊಸೆಯ ಈಜುಡುಗೆ. ಲೋಟದಕ್ಕ ಏಣಿಯ ಮೆಟ್ಟಿಲು ಹಿಡಿದು ಇಳಿದರು. ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ಹೊಟ್ಟೆಗೆ ತಣ್ಣಗೆ ತಾಗಿ ಉಸಿರು ಸಿಕ್ಕಿಕೊಂಡಿತು. ಮುಂದಿನದನ್ನು ಹೇಳುವಾಗ ಅವರು ಕೌಂಟರ್ ಒರೆಸುವುದನ್ನು ನಿಲ್ಲಿಸುತ್ತಾರೆ.

‘ಕೈಗೆ ಮರೆತುಹೋಗಿರುತ್ತೆ ಅಂದ್ಕೊಂಡಿದ್ದೆ. ಮರ್ತಿರ್ಲಿಲ್ಲ. ನಾನೇ ಮರ್ತಿದ್ದೆ.’

ಅವರು ತಲೆ ಎತ್ತಿಕೊಂಡು ಈಜುತ್ತಾರೆ. ಹೊಳೆಯವರೆಲ್ಲ ಹಾಗೆಯೇ. ಎದುರಿಗೆ ಮರದ ದಿಮ್ಮಿ ತೇಲಿ ಬಂದೀತೆಂದು ಒಂದು ಕಣ್ಣು, ಆಚೆ ದಡದ ಮೇಲೆ ಒಂದು ಕಣ್ಣು. ಪಕ್ಕದಲ್ಲಿ ಅಂಗಾತ ತೇಲುತ್ತಿದ್ದ ಅಜ್ಜಿ ನಕ್ಕರು. ‘ಏನೇ ಅದು, ದಡ ಹುಡುಕ್ತಾ ಇದೀಯಾ? ಇಲ್ಲಿ ಇರೋದು ಗೋಡೆ ಕಣೇ.’ ಗೋಡೆ ಮುಟ್ಟಿ, ತಿರುಗಿ, ಮತ್ತೆ ಗೋಡೆ ಮುಟ್ಟಿದರು. ಹೊಳೆಯಾದರೆ ಎಳೆಯುತ್ತದೆ, ಎಲ್ಲಿಗೋ ಒಯ್ಯುತ್ತದೆ. ಇಲ್ಲಿನ ನೀರು ಎಲ್ಲಿಗೂ ಒಯ್ಯುವುದಿಲ್ಲ, ಸುಮ್ಮನೆ ಎತ್ತಿಕೊಂಡಿರುತ್ತದೆ. ಅಷ್ಟೇ ಸಾಕಾಯಿತು. ಎದ್ದು ಬಂದು ಸೀರೆ ಉಟ್ಟು, ಒದ್ದೆ ಜಡೆಯಲ್ಲೇ ಒಲೆ ಹೊತ್ತಿಸಿದರು. ಮೊದಲ ಚಹಾವನ್ನು ಹೊಸ ಲೋಟಕ್ಕೆ ಬಗ್ಗಿಸಿಕೊಂಡು, ಗಲ್ಲಾಕ್ಕೆ ಇಪ್ಪತ್ತು ಹಾಕಿ, ಬೆಂಚಿನ ಮೇಲೆ ಕೂತು ಕುಡಿದರು. ಅವತ್ತು ಚಹಾ ಕೊಡುವ ಕೈಯ ಬೆರಳುಗಳೂ ಸುಕ್ಕುಗಟ್ಟಿದ್ದವು.

ಸಂಜೆ ಹಲ್ಲಿನ ಡಾಕ್ಟರು ಬಂದರು. ಯಾವಾಗಲೂ ನೇರ ನೀರಿಗೆ ಹೋಗುವವರು ಅವತ್ತು ಕೌಂಟರಿನ ಮುಂದಿನ ಸ್ಟೂಲಿನ ಮೇಲೆ ಕುಸಿದು ಕೂತರು. ಕೊಟ್ಟ ಚಹಾ ಮುಟ್ಟಲಿಲ್ಲ.

‘ಅಕ್ಕ, ಒಳ್ಳೇದು ಮಾಡೋಕೆ ಹೋಗಿ ನಿಮ್ಮ ಕೆಲಸಾನೇ ತೆಗೆದುಬಿಟ್ವಿ’ ಅಂದರು.

ಲೋಟದಕ್ಕ ಅವರನ್ನೇ ನೋಡಿದರು. ‘ಹಲ್ಲು ಕೀಳೋಕೆ ಮುಂಚೆ ಮರಗಟ್ಟೋ ಸೂಜಿ ಚುಚ್ತೀರಲ್ಲ ಡಾಕ್ಟ್ರೇ, ಇಂಥ ಮಾತಿಗೂ ಒಂದು ಚುಚ್ಚಬಾರದಾ?’

ಡಾಕ್ಟರಿಗೆ ನಗು ಬರಲಿಲ್ಲ. ಸಂಘಕ್ಕೆ ತೆರಿಗೆ ವಿನಾಯಿತಿ ಸಿಕ್ಕಿರುವುದೇ ಒಂದು ಕರಾರಿನ ಮೇಲೆ: ಸದಸ್ಯರಾದವರು ಯಾರೂ ಸಂಘದಿಂದ ಸಂಬಳವನ್ನಾಗಲಿ ಲಾಭವನ್ನಾಗಲಿ ಪಡೆಯಕೂಡದು. ಪಡೆದರೆ ಅದು ಸೇವೆಯ ಸಂಘವಲ್ಲ, ಪಾಲುಗಾರರ ವ್ಯಾಪಾರ. ಆಮೇಲೆ ಪ್ರತಿ ಸ್ಟೀಲ್ ಲೋಟಕ್ಕೂ ತೆರಿಗೆ. ಸಭೆಯಲ್ಲಿ ಕೈ ಎತ್ತುವ ಉತ್ಸಾಹದಲ್ಲಿ ಇದು ಯಾರಿಗೂ ನೆನಪಾಗಲಿಲ್ಲ. ಖಜಾಂಚಿಯಾದ ತನಗೇ ಆಗಲಿಲ್ಲ ಎಂದು ಡಾಕ್ಟರು ತಲೆ ತಗ್ಗಿಸಿದರು. ಒಂದೋ ಅಕ್ಕ ಸಂಬಳ ಬಿಟ್ಟು ಸದಸ್ಯೆಯಾಗಿರಬೇಕು, ಇಲ್ಲವೇ ಸದಸ್ಯತ್ವ ಬಿಟ್ಟು ಕೌಂಟರಿನ ಹಿಂದೆ ಇರಬೇಕು. ಎರಡೂ ಒಟ್ಟಿಗೆ ಇರಲು ದಾರಿಯಿಲ್ಲ.

ಮನೆಯಲ್ಲಿ ಗಂಡ ಎಲ್ಲ ಕೇಳಿಸಿಕೊಂಡರು. ಹೆಂಡತಿಯ ಜಡೆಯಿಂದ ಕ್ಲೋರಿನ್ ವಾಸನೆ ಬರುತ್ತಿದ್ದುದು ಅವರ ಮೂಗಿಗೆ ಹೊಸದು. ಕಣ್ಣು ಮಂಜಾದ ಮೇಲೆ ಅವರು ವಾಸನೆಯಿಂದಲೇ ಎಷ್ಟೋ ಗುರುತು ಹಿಡಿಯುತ್ತಾರೆ. ಕೆಲಸ ಬಿಟ್ಟುಬಿಡು ಎಂದರು. ಡ್ರೈವರ್ ಕೆಲಸದ ಪಿಂಚಣಿ ಇದೆ, ಹೇಗೋ ಎಳೆದರಾಯಿತು, ಇಷ್ಟು ವರ್ಷದಲ್ಲಿ ನೀನು ಏನನ್ನೂ ಕೇಳಿದವಳಲ್ಲ ಎಂದರು. ಪಿಂಚಣಿ ಬಾಡಿಗೆಗೆ ಸರಿಹೋಗುತ್ತದೆ. ಕಣ್ಣಿಗೆ ಬಿಡುವ ಹನಿ, ದೂರದ ಊರಿನಲ್ಲಿ ದಾದಿಯ ತರಬೇತಿಯಲ್ಲಿರುವ ಮಗಳ ಹಾಸ್ಟೆಲು, ಇವೆರಡೂ ಕೌಂಟರಿನಿಂದ ಬರಬೇಕು. ‘ನಿಮ್ಮ ಕಣ್ಣಿನ ಔಷಧಿ ಅಂಗಡಿಗೆ ಈಜ್ಕೊಂಡು ಹೋಗೋಕಾಗುತ್ತಾ? ಸುಮ್ನಿರಿ’ ಎಂದು ಲೋಟದಕ್ಕ ದೀಪ ಆರಿಸಿದರು. ನಿದ್ದೆ ಇಬ್ಬರಿಗೂ ಬರಲಿಲ್ಲ.

ಮಾರನೆಯ ದಿನ ಡಾಕ್ಟರು ತೆರಿಗೆ ಕಚೇರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಲ್ಲಿನ ಗುಮಾಸ್ತರು ಮಿಠಾಯಿ ಚಪ್ಪರಿಸುತ್ತ ಕೇಳಿ ಎರಡು ದಾರಿ ತೋರಿಸಿದರು. ಸಭೆಯ ತೀರ್ಮಾನ ನಿಯಮಕ್ಕೆ ವಿರುದ್ಧವಾಗಿತ್ತು, ಹಾಗಾಗಿ ಅಂಥ ಸದಸ್ಯತ್ವ ಆಗಿಯೇ ಇಲ್ಲ ಎಂದು ಬರೆದುಕೊಡಿ. ಆಗ ಯಾರಿಗೂ ಏನೂ ಖರ್ಚಿಲ್ಲ. ಇಲ್ಲವೇ ಸದಸ್ಯತ್ವ ಆಗಿತ್ತು, ಒಂದು ದಿನಕ್ಕೆ ಮುಗಿಯಿತು ಎಂದು ಬರೆದು, ಆ ಒಂದು ದಿನ ಸಂಘ ವಿನಾಯಿತಿ ಕಳೆದುಕೊಂಡಂತೆ ಎಣಿಸಿ, ಅವತ್ತು ಯಾರು ಕುಡಿದ ಚಹಾಕ್ಕೂ ತೆರಿಗೆ ಕಟ್ಟಿ. ಮೊದಲನೆಯದೇ ಸುಲಭ ಎಂದು ಅವರೇ ಸಲಹೆ ಮಾಡಿದರು. ಡಾಕ್ಟರು ಹಗುರಾಗಿ ಹಿಂತಿರುಗಿ ಎರಡು ದಾರಿಯನ್ನೂ ವಿವರಿಸಿದರು. ಎಲ್ಲ ಸರಿಹೋಯಿತು, ಏನೂ ಆಗಿಯೇ ಇಲ್ಲ ಎಂದು ಬರೆದರಾಯಿತು ಎಂದು ಅಕ್ಕನಿಗೆ ಹೇಳಿದರು.

ಇಪ್ಪತ್ತು ವರ್ಷದಲ್ಲಿ ಸಮಿತಿಯ ಯಾವ ಮಾತಿಗೂ ಎದುರಾಡದ ಲೋಟದಕ್ಕ ಕೆಟಲನ್ನು ಕೆಳಗಿಟ್ಟರು.

‘ಡಾಕ್ಟ್ರೇ, ಕಾರ್ಡು ವಾಪಸ್ ತಗೊಳ್ಳಿ. ಕೊಡ್ತೀನಿ. ಆಗೇ ಇಲ್ಲ ಅಂತ ಮಾತ್ರ ಬರೀಬೇಡಿ. ಒಂದು ದಿನ ಆಗಿತ್ತು ಅಂತಲೇ ಇರ್ಲಿ. ಅದರ ಟ್ಯಾಕ್ಸ್ ಎಷ್ಟಾದ್ರೂ ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ.’

ಡಾಕ್ಟರಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬೆನ್ನೀಜಿನ ಅಜ್ಜಿಗೆ ತಕ್ಷಣ ಅರ್ಥವಾಯಿತು. ಮರುದಿನ ಬೆಳಿಗ್ಗೆ ಅವರು ಟವಲು ಸುತ್ತಿಕೊಂಡೇ ಕೌಂಟರಿನ ಪಕ್ಕ ಒಂದು ಬಿಸ್ಕತ್ತಿನ ಡಬ್ಬ ಹಿಡಿದು ನಿಂತರು. ಸೋಮವಾರ ಇಲ್ಲಿ ಚಹಾ ಕುಡಿದವರೆಲ್ಲ ಇನ್ನೊಂದು ಹಾಕಿ, ಬನ್ನು ತಿಂದವರು ಇನ್ನೆರಡು ಹಾಕಿ, ಅವತ್ತು ನೀವೆಲ್ಲ ಹೊರಗಿನವರು ಎಂದು ಸಾರಿದರು. ಜಿಪುಣನೆಂದೇ ಹೆಸರಾದ ಒಬ್ಬ ಸದಸ್ಯರು ಜೇಬು ತಡಕುತ್ತ, ಇಷ್ಟು ವರ್ಷ ಚಂದಾ ಕಟ್ಟಿ ಕೊನೆಗೆ ಹೊರಗಿನವನಾದೆನಲ್ಲ ಎಂದು ಗೊಣಗಿದರು. ಗೊಣಗುತ್ತಲೇ ಎರಡು ಹಾಕಿದರು. ಅವತ್ತು ಕುಡಿದದ್ದು ಎರಡು ಚಹಾ ಎಂದು ಅವರಿಗೆ ನೆನಪಿತ್ತು. ಸೋಮವಾರ ಬರದೇ ಇದ್ದವರು ಕೆಲವರು ನಾವೂ ಹಾಕುತ್ತೇವೆ ಎಂದಾಗ ಡಾಕ್ಟರು ಬೇಡವೆಂದರು. ಕುಡಿಯದ ಚಹಾಕ್ಕೆ ತೆರಿಗೆ ಕಟ್ಟಿದರೆ ಇನ್ನೊಂದು ತಲೆನೋವು. ಕೊನೆಗೆ ಲೋಟದಕ್ಕ ಕೌಂಟರಿನ ಹಿಂದಿನಿಂದ ಬಂದು ತಮ್ಮ ಪಾಲಿನ ಒಂದನ್ನು ಹಾಕಿದರು. ಅವತ್ತು ಅವರೂ ಒಂದು ಚಹಾ ಕುಡಿದಿದ್ದರಲ್ಲ.

ಈಗ ಮತ್ತೆ ಎಲ್ಲ ಮೊದಲಿನಂತೆ. ಹೊಸ ಲೋಟ ಗೋಡೆಯ ಕೊನೆಯ ಕೊಕ್ಕೆಯಲ್ಲಿ ತೂಗುತ್ತಿದೆ. ವಾರಕ್ಕೊಮ್ಮೆ ಬೂದಿ ಹಾಕಿ ಉಜ್ಜುತ್ತಾರೆ, ಅದರಲ್ಲಿ ಕುಡಿಯುವುದಿಲ್ಲ. ಚಹಾ ಮತ್ತೆ ಕೆಟಲಿನ ಮುಚ್ಚಳಕ್ಕೆ ಬಂದಿದೆ. ಇನ್ನು ನಾಲ್ಕು ವರ್ಷಕ್ಕೆ ಅವರಿಗೆ ಅರವತ್ತು ತುಂಬುತ್ತದೆ, ಅಷ್ಟರಲ್ಲಿ ಮಗಳಿಗೆ ಕೆಲಸ ಸಿಕ್ಕಿರುತ್ತದೆ, ಸಂಬಳ ನಿಲ್ಲುತ್ತದೆ. ಆಗ ಅರ್ಜಿ ಹಾಕುವುದೆಂದು ಅವರ ಲೆಕ್ಕ. ಗೌರವದ್ದು ಬೇಡ, ಚಂದಾ ಕಟ್ಟಿಯೇ ಸೇರುತ್ತೇನೆ ಎನ್ನುತ್ತಾರೆ. ಅರ್ಜಿಗೆ ಸದಸ್ಯರೊಬ್ಬರು ಸೂಚಕರಾಗಿ ಸಹಿ ಹಾಕಬೇಕು, ಅದನ್ನು ಅಜ್ಜಿಯೇ ಹಾಕುವುದೆಂದು ಮಾತಾಗಿದೆ. ಬೆನ್ನೀಜಿನ ಅಜ್ಜಿಗೆ ಈಗಲೇ ಎಂಬತ್ತರ ಹತ್ತಿರ. ನೀನು ಅರವತ್ತಾಗುವುದನ್ನು ಸ್ವಲ್ಪ ಬೇಗ ಮಾಡಿಕೋ ಎಂದು ಅವರು ಆಗಾಗ ರೇಗಿಸುತ್ತಾರೆ. ಆ ತಮಾಷೆಗೆ ಲೋಟದಕ್ಕ ನಗುವುದಿಲ್ಲ. ಅಜ್ಜಿ ನೀರಿನಿಂದ ಏಳುವ ಹೊತ್ತಿಗೆ ಏಣಿಯ ಬಳಿ ಹೋಗಿ ಕೈ ಕೊಡುತ್ತಾರೆ, ಅಜ್ಜಿಯ ಸುಕ್ಕು ಬೆರಳುಗಳನ್ನು ಇರಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ಹಿಡಿದುಕೊಂಡಿರುತ್ತಾರೆ.

‘ಕಾಯೋದು ನನಗೇನು ಹೊಸದಲ್ಲ. ಹೋದ ಸಲ ಏನಂತ ಗೊತ್ತಿಲ್ದೆ ಕಾದಿದ್ದೆ. ಈ ಸಲ ಗೊತ್ತು.’

ಬಿಸ್ಕತ್ತಿನ ಡಬ್ಬದಲ್ಲಿ ಕೂಡಿದ್ದು ಇನ್ನೂರ ಒಂಬತ್ತು. ಅದು ಸರ್ಕಾರಕ್ಕೆ ಹೋಯಿತು. ಅದರಲ್ಲಿ ಒಂದು ಲೋಟದಕ್ಕನದು. ಅವರಿಂದ ಹೋದದ್ದು ಆ ಒಂದು, ಮತ್ತು ಒಂದು ಕಾರ್ಡು. ಉಳಿದದ್ದು ಒಂದು ಸೋಮವಾರ.